407 ಟರ್ಬೊ: ಸೈಲೆನ್ಸರ್ ಸೆಟ್ ಪೂರ್ತಿ ಬದಲಾಯಿಸಿದ ಮೇಲೆ ಮುಂದಿನ ಪೈಪ್ ಪದೇಪದೇ ಸೀಳ್ತಿದೆ

ಕಲ್ಲುಗಾಡಿ_407

ಗಾಡಿ ಟಾಟಾ 407, 2009ರ ಮಾಡಲ್, 497 ಟರ್ಬೊ ಇಂಜಿನ್, ಬಿಎಸ್-2 (ಹೊಗೆ ನಿಯಮದ ಹಂತ). ಹಳೇ ಸೈಲೆನ್ಸರ್ ಒಳಗಿಂದ ತುಕ್ಕು ಹಿಡಿದು ಉದುರಿತ್ತು, ಹಾಗಾಗಿ ಟರ್ಬೊ ಕೆಳಗಿನ ಫ್ಲ್ಯಾಂಜಿನಿಂದ (ಬೋಲ್ಟ್ ಹಾಕಿ ಜೋಡಿಸೋ ತಟ್ಟೆ) ಬಾಲದ (ಹೊಗೆ ಹೊರಬೀಳೋ ಕೊನೇ ಪೈಪ್) ತನಕ ಎಲ್ಲಾ ಹೊಸದು ಹಾಕಿಸಿದೆ. ಎರಡೂವರೆ ಇಂಚಿನ ಎಂಎಸ್ (ಸಾದಾ ಉಕ್ಕು) ಪೈಪ್, ದಪ್ಪ 16 ಗೇಜ್. ಸೈಲೆನ್ಸರ್ ನೇರ ಹಾಯುವ ಮಾದರಿ, 10 ಸೆಂ.ಮೀ. ವ್ಯಾಸ, 40 ಸೆಂ.ಮೀ. ಉದ್ದ.

ನಾಲ್ಕು ತಿಂಗಳಲ್ಲಿ ಮೂರು ತೊಂದರೆ:
ಫ್ಲ್ಯಾಂಜಿನಿಂದ ಮೂರು ಬೆರಳು ಕೆಳಗೆ ವೆಲ್ಡಿಂಗ್ ಅಂಚಲ್ಲೇ ಪೈಪ್ ಎರಡು ಸಲ ಸೀಳಿತು. ಎರಡನೇ ಸಲ ಪಟ್ಟಿ ಇಟ್ಟು ವೆಲ್ಡ್ ಮಾಡಿಸಿದೆ, ಈಗ ಪಟ್ಟಿ ಮುಗಿಯೋ ಜಾಗದಲ್ಲಿ ಮತ್ತೆ ಗೆರೆ ಕಾಣ್ತಿದೆ.
1500 ಆರ್‌ಪಿಎಂ ಆಸುಪಾಸಲ್ಲಿ ಕ್ಯಾಬಿನ್ ಒಳಗೆ ಗುಂಯ್ ಅಂತ ತಲೆ ತಿನ್ನೋ ಸದ್ದು.
ಲೋಡಲ್ಲಿ ಪಿಕಪ್ ಸ್ವಲ್ಪ ಕಮ್ಮಿ, ಕಪ್ಪು ಹೊಗೆ ಜಾಸ್ತಿ.

ಇನ್ನೂ ದಪ್ಪ ಪೈಪ್, 14 ಗೇಜ್ ಹಾಕಿಸಿದ್ರೆ ನಿಲ್ಲುತ್ತಾ?

ಮಸಿಕೈ

ನಿಲ್ಲಲ್ಲ. 14 ಗೇಜ್ ಹಾಕಿದರೆ ಪೈಪ್ ಬದಲು ಫ್ಲ್ಯಾಂಜೋ ಟರ್ಬೊ ಹೌಸಿಂಗೋ ಸೀಳುತ್ತೆ, ಅದು ಬೀಡು ಕಬ್ಬಿಣ. ಮೊದಲು ಇಷ್ಟು ಹೇಳಿ: ಮುಂದಿನ ಪೈಪಿನಲ್ಲಿ ಫ್ಲೆಕ್ಸಿಬಲ್ (ಬಗ್ಗುವ ಪೈಪ್ ತುಂಡು) ಇದೆಯಾ? ಟರ್ಬೊ ಬಿಟ್ಟ ಮೇಲೆ ಮೊದಲ ಬ್ರಾಕೆಟ್ ಯಾವುದಕ್ಕೆ ಹಿಡಿಸಿದೆ, ಗೇರ್‌ಬಾಕ್ಸಿಗಾ, ಚಾಸಿಗಾ? ಇಂಜಿನ್ ಮೌಂಟಿಂಗ್ ರಬ್ಬರ್ ಹೇಗಿದೆ?

ಕಲ್ಲುಗಾಡಿ_407

ಫ್ಲೆಕ್ಸಿಬಲ್ ಇಲ್ಲ ಸರ್, ನೇರ ಪೈಪ್. ಗೇರ್‌ಬಾಕ್ಸ್ ಹತ್ರ ಮುಂಚೆ ಒಂದು ಬ್ರಾಕೆಟ್ ಇತ್ತು, ಹೊಸ ಪೈಪಿಗೆ ಕೂರಲಿಲ್ಲ ಅಂತ ತೆಗೆದುಹಾಕಿದ್ದಾರೆ. ಈಗ ಮೊದಲ ಹಿಡಿತ ಇರೋದು ಚಾಸಿಯ ಕ್ರಾಸ್ ಮೆಂಬರಿಗೆ, ಫ್ಲ್ಯಾಟ್ ಪಟ್ಟಿ ನೇರ ವೆಲ್ಡ್. ರಬ್ಬರ್ ಇಲ್ಲ. ಎಡಗಡೆ ಇಂಜಿನ್ ಮೌಂಟಿಂಗ್ ಕೂತುಹೋಗಿದೆ, ಬಿರುಕು ಕೂಡ ಇದೆ.

ಮಸಿಕೈ

ಹಾಗಿದ್ರೆ ಕಾರಣ ಸಿಕ್ಕಿತು. ಇಂಜಿನ್ ರಬ್ಬರ್ ಮೇಲೆ ಕೂತಿದೆ, ಆಕ್ಸಲೇಟರ್ ಒತ್ತಿದಾಗಲೆಲ್ಲ ಪಕ್ಕಕ್ಕೆ ಹೊರಳುತ್ತೆ. ಚಾಸಿ ಹೊರಳಲ್ಲ. ನಿಮ್ಮ ಪೈಪಿನ ಒಂದು ತುದಿ ಇಂಜಿನ್ನಿಗೆ ಬಿಗಿ, ಇನ್ನೊಂದು ತುದಿ ಚಾಸಿಗೆ ವೆಲ್ಡ್. ಆ ಹೊರಳಾಟ ಪೂರ್ತಿ ಬಂದು ಬೀಳೋದು ಫ್ಲ್ಯಾಂಜ್ ಕೆಳಗಿನ ವೆಲ್ಡಿಂಗ್ ಮೇಲೆ. ತಂತಿ ಮುರಿಯೋಕೆ ಹಿಂದೆ ಮುಂದೆ ಬಗ್ಗಿಸ್ತೀವಲ್ಲ, ಅದೇ ಕೆಲಸ ನಿಮಿಷಕ್ಕೆ ನೂರಾರು ಸಲ ನಡೀತಿದೆ. ಪಟ್ಟಿ ಇಟ್ಟರೆ ಬಗ್ಗುವ ಜಾಗ ಎರಡು ಇಂಚು ಕೆಳಗೆ ಹೋಗುತ್ತೆ ಅಷ್ಟೆ.

ಇದರ ಜೊತೆ ಪೈಪ್ ಕಾದು ಉದ್ದ ಆಗೋದೂ ಇದೆ. ಮೂರು ಮೀಟರ್ ಎಂಎಸ್ ಪೈಪ್ 300 ಡಿಗ್ರಿ ಬಿಸಿ ಏರಿದರೆ ಸುಮಾರು 11 ಮಿ.ಮೀ. ಬೆಳೆಯುತ್ತೆ. 304 ಸ್ಟೀಲಾದರೆ 15 ಮಿ.ಮೀ. ಸ್ಟೇನ್‌ಲೆಸ್ ಹಾಕಿಸಿದರೆ ಆಯ್ತು ಅನ್ನೋರು ಇದನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಬಿಗಿಯಾಗಿ ಹಿಡಿಸಿದರೆ 304 ಪೈಪು, ಎಂಎಸ್ ಪೈಪಿಗಿಂತ ಬೇಗ ಸೀಳಬಹುದು.

ನೆನಪಿಡಬೇಕಾದ್ದು ಒಂದೇ. ಫ್ಲೆಕ್ಸಿಬಲ್‌ಗೆ ಮುಂಚೆ ಇರೋದೆಲ್ಲ ಇಂಜಿನ್ನಿನ ಪಾಲು, ಅದರ ಬ್ರಾಕೆಟ್ ಗೇರ್‌ಬಾಕ್ಸಿಗೆ, ರಬ್ಬರ್ ಇಲ್ಲದೆ ಬಿಗಿಯಾಗಿ. ಫ್ಲೆಕ್ಸಿಬಲ್ ಆದಮೇಲೆ ಇರೋದೆಲ್ಲ ಚಾಸಿಯ ಪಾಲು, ಎಲ್ಲವೂ ರಬ್ಬರಿನಲ್ಲಿ ತೂಗಬೇಕು.

ಮಾಡುವ ಕ್ರಮ:

ಮೊದಲು ಇಂಜಿನ್ ಮೌಂಟಿಂಗ್. ಎಡಗಡೆಯದೊಂದೇ ಹೋಗಿದ್ರೂ ಜೋಡಿಯಾಗಿ ಬದಲಾಯಿಸಿ, ಗೇರ್‌ಬಾಕ್ಸ್ ಮೌಂಟಿಂಗೂ ನೋಡಿ. ಇದನ್ನ ಕೊನೆಗೆ ಮಾಡಿದರೆ ಇಂಜಿನ್ ಎತ್ತರ ಬದಲಾಗಿ ಕೂರಿಸಿದ ಪೈಪ್ ಎಲ್ಲ ಎಳೆದುಕೊಳ್ಳುತ್ತೆ.

ಫ್ಲೆಕ್ಸಿಬಲ್ ಎರಡೂವರೆ ಇಂಚು ಒಳವ್ಯಾಸ, 150ರಿಂದ 200 ಮಿ.ಮೀ. ಉದ್ದ, ಒಳಗೆ ಬೆಲ್ಲೋಸ್ (ಸುಕ್ಕು ಸುಕ್ಕಾದ ತೆಳು ಕೊಳವೆ) ಇದ್ದು ಹೊರಗೆ ಸ್ಟೀಲ್ ಜಾಲರಿ ಇರುವುದು. ಬರೀ ಸುರುಳಿ ಪಟ್ಟಿ ಸುತ್ತಿದ್ದು ಸೋರುತ್ತೆ. ಬೆಂಗಳೂರಲ್ಲಾದರೆ ಜೆ.ಸಿ. ರಸ್ತೆಯಲ್ಲಿ ಅಳತೆ ಹೇಳಿದರೆ ಸಿಗುತ್ತೆ. ಇದನ್ನ ಗೇರ್‌ಬಾಕ್ಸ್ ಬ್ರಾಕೆಟ್ ಆದ ತಕ್ಷಣದ ನೇರ ಭಾಗದಲ್ಲಿ ಹಾಕಿ. ಬೆಲ್ಲೋಸ್ ಪಕ್ಕಕ್ಕೆ ಬಗ್ಗೋದನ್ನ ತಾಳುತ್ತೆ, ಸ್ವಲ್ಪ ಹಿಗ್ಗೋದು ಕುಗ್ಗೋದನ್ನೂ ತಾಳುತ್ತೆ, ಆದರೆ ತಿರುಚಿದರೆ ಒಂದೇ ವಾರದ ಆಯಸ್ಸು. ಹಾಗಾಗಿ ವೆಲ್ಡ್ ಮಾಡುವಾಗ ಎರಡು ಪೈಪಿನ ತುದಿ ಎದುರುಬದುರು ನೇರ ಬಂದಿರಬೇಕು. ವಾರೆ ಇರೋದನ್ನ ಫ್ಲೆಕ್ಸಿಬಲ್ ಎಳೆದು ಸರಿಮಾಡೋ ಅಭ್ಯಾಸ ಬೇಡ. ಜಾಲರಿ ಮೇಲೆ ವೆಲ್ಡಿಂಗ್ ಕಿಡಿ ಬೀಳದ ಹಾಗೆ ಒದ್ದೆ ಬಟ್ಟೆ ಸುತ್ತಿ.

ಫ್ಲೆಕ್ಸಿಬಲ್ ಮುಗಿದು ಒಂದಡಿಯೊಳಗೆ ಮೊದಲ ರಬ್ಬರ್ ಹ್ಯಾಂಗರ್ ಬರಲಿ, ಇಲ್ಲಾಂದ್ರೆ ಹಿಂದಿನ ತೂಕ ಜಾಲರಿ ಮೇಲೆ ಜೋತು ಬೀಳುತ್ತೆ. ಸೈಲೆನ್ಸರಿಗೆ ಎರಡು, ಬಾಲಕ್ಕೆ ಒಂದು.

ಜೋಡಿಸುವಾಗ ಎಲ್ಲವನ್ನೂ ಸಡಿಲವಾಗಿ ತೂಗಿಸಿ, ಟರ್ಬೊ ಫ್ಲ್ಯಾಂಜಿನಿಂದ ಶುರುಮಾಡಿ ಹಿಂದಕ್ಕೆ ಬಿಗಿ ಮಾಡುತ್ತಾ ಹೋಗಿ. ಗಾಡಿಯ ಮೇಲೆ ಬರೀ ಟ್ಯಾಕ್ (ಚುಕ್ಕಿ ವೆಲ್ಡ್), ಪೂರ್ತಿ ವೆಲ್ಡಿಂಗ್ ಕೆಳಗಿಳಿಸಿದ ಮೇಲೆ. ಗಾಡಿ ಮೇಲೆ ಟ್ಯಾಕ್ ಹಾಕುವಾಗ ಬ್ಯಾಟರಿ ಎರಡೂ ತುದಿ ಬಿಚ್ಚಿ, ವೆಲ್ಡಿಂಗಿನ ಅರ್ತ್ ಕ್ಲಾಂಪನ್ನ ವೆಲ್ಡ್ ಮಾಡೋ ಪೈಪಿಗೇ ಹಾಕಿ. ಚಾಸಿಯ ಇನ್ಯಾವುದೋ ಮೂಲೆಗೆ ಹಾಕಿದರೆ ಕರೆಂಟ್ ಟರ್ಬೊ ಬೇರಿಂಗ್ ಮೂಲಕ ಹಾದು ಬರುತ್ತೆ.

ಪಾನಾ_ಹದಿನೇಳು

ಎರಡೂವರೆ ಇಂಚು ಜಾಸ್ತಿ ಆಯ್ತು ಅಲ್ವಾ? ಡೀಸೆಲ್ ಇಂಜಿನ್ನಿಗೆ ಬ್ಯಾಕ್ ಪ್ರೆಶರ್ (ಹೊಗೆ ಹೊರಹೋಗೋಕೆ ಪೈಪಲ್ಲಿ ಇರೋ ತಡೆ) ಬೇಕು. ಪಿಕಪ್ ಹೋಗಿರೋದು ಅದಕ್ಕೇ.

ಮಸಿಕೈ

ಈ ಮಾತು ಎಲ್ಲಾ ಗ್ಯಾರೇಜಲ್ಲೂ ಕೇಳ್ತೀವಿ, ಟರ್ಬೊ ಡೀಸೆಲ್ಲಿಗೆ ಇದು ತಪ್ಪು. ಟರ್ಬೊ ತಿರುಗೋದೇ ಅದರ ಮುಂದಿನ ಒತ್ತಡಕ್ಕೂ ಹಿಂದಿನ ಒತ್ತಡಕ್ಕೂ ಇರೋ ವ್ಯತ್ಯಾಸದಿಂದ. ಹಿಂದೆ ತಡೆ ಕಮ್ಮಿ ಆದಷ್ಟೂ ಒಳ್ಳೆಯದು. 2956 ಸಿಸಿ ಇಂಜಿನ್ನಿಗೆ ಎರಡೂವರೆ ಇಂಚು ಸರಿಯಾದ ಅಳತೆ. ಮೂರು ಇಂಚು ಹಾಕಿಸಿದರೆ ಲಾಭ ಏನೂ ಸಿಗಲ್ಲ, ತೂಕ ಮತ್ತು ಜಾಗದ ಕಷ್ಟ ಮಾತ್ರ.

ಅನುಮಾನ ಇದ್ದರೆ ಅಳೆದೇ ನೋಡಬಹುದು. ಟರ್ಬೊ ಆದಮೇಲೆ ನೇರ ಭಾಗದಲ್ಲಿ ಒಂದು ಎಂ10 ನಟ್ ವೆಲ್ಡ್ ಮಾಡಿ ಒಳಗೆ ತೂತು ಕೊರೆದು, ಒಂದು ಮೀಟರ್ ತಾಮ್ರದ ಕೊಳವೆ ಕೂರಿಸಿ, ಅದರ ತುದಿಗೆ ಸಣ್ಣ ಒತ್ತಡದ ಗೇಜ್. ಪೂರ್ತಿ ಲೋಡಲ್ಲಿ ಏರು ಹತ್ತುವಾಗ 10 ಕಿಲೋಪಾಸ್ಕಲ್ ಒಳಗಿದ್ದರೆ ಚಿಂತೆ ಇಲ್ಲ. ಅಂದ್ರೆ 0.1 ಬಾರ್, ಸುಮಾರು ಒಂದು ಮೀಟರ್ ನೀರಿನ ಎತ್ತರ. ಕೆಲಸ ಮುಗಿದ ಮೇಲೆ ನಟ್ಟಿಗೆ ಬೋಲ್ಟ್ ಹಾಕಿ ಮುಚ್ಚಿ.

ಪಿಕಪ್ ವಿಷಯಕ್ಕೆ ಬರೋಣ. ಸೋರಿಕೆ ಟರ್ಬೊ ಆದಮೇಲೆ ಇದ್ದರೆ ಸದ್ದು ಮತ್ತು ವಾಸನೆ ಮಾತ್ರ, ಶಕ್ತಿ ಹೋಗಲ್ಲ. ಶಕ್ತಿ ಹೋಗಿ ಕಪ್ಪು ಹೊಗೆ ಬರ್ತಿದೆ ಅಂದ್ರೆ ಸೋರಿಕೆ ಟರ್ಬೊಗೆ ಮುಂಚೆ ಇರಬೇಕು, ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆ ಕೂಡಿಸಿ ಟರ್ಬೊಗೆ ಕೊಡೋ ಭಾಗ) ಗ್ಯಾಸ್ಕೆಟ್ಟಲ್ಲೋ ಮ್ಯಾನಿಫೋಲ್ಡ್ ಮತ್ತು ಟರ್ಬೊ ನಡುವೆಯೋ. ಅಥವಾ ಬೂಸ್ಟ್ ಹೋಸ್ (ಟರ್ಬೊದಿಂದ ಇಂಜಿನ್ನಿಗೆ ಗಾಳಿ ಒಯ್ಯೋ ರಬ್ಬರ್ ಪೈಪ್) ಹರಿದಿರಬೇಕು, ಇಲ್ಲಾ ಏರ್ ಫಿಲ್ಟರ್ ಕಟ್ಟಿರಬೇಕು. ಪೈಪ್ ಸನ್ನೆಗೋಲಿನ ಹಾಗೆ ಎಳೆದಾಡಿರೋದ್ರಿಂದ ನನಗೆ ಮ್ಯಾನಿಫೋಲ್ಡ್ ಮೇಲೇ ಗುಮಾನಿ.

ಪರೀಕ್ಷೆ ಬೆಳಗ್ಗೆ ತಣ್ಣಗಿರುವಾಗಲೇ ಮಾಡಿ, ಬಿಸಿ ಆದರೆ ಕಬ್ಬಿಣ ಹಿಗ್ಗಿ ಸಂದು ಮುಚ್ಚಿಹೋಗುತ್ತೆ. ಸ್ಟಾರ್ಟ್ ಮಾಡಿ, ಒಬ್ಬರು ಬಾಲಕ್ಕೆ ದಪ್ಪ ಬಟ್ಟೆ ಒತ್ತಿ ಹಿಡೀಲಿ, ಇನ್ನೊಬ್ಬರು ಜಾಯಿಂಟುಗಳ ಮೇಲೆ ಸೋಪು ನೀರು ಚಿಮುಕಿಸಲಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಮಸಿ ಗೆರೆ ಇದ್ದರೆ ಪರೀಕ್ಷೆಯೂ ಬೇಡ.

ಕಲ್ಲುಗಾಡಿ_407

ಮೂರನೇ ಸಿಲಿಂಡರ್ ಹತ್ರ ಮ್ಯಾನಿಫೋಲ್ಡ್ ಅಂಚಲ್ಲಿ ಮಸಿ ಗೆರೆ ಇದೆ, ಗುಳ್ಳೆಯೂ ಬಂತು. ಬಿಚ್ಚೋಕೆ ಹೋದರೆ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟ್) ಇಂಜಿನ್ ಹೆಡ್ಡಿನ ಸಮಕ್ಕೆ ಮುರಿದುಹೋಯ್ತು. ಉಳಿದವು ಅಲ್ಲಾಡ್ತಿಲ್ಲ, ಬಲ ಹಾಕೋಕೆ ಧೈರ್ಯ ಇಲ್ಲ.

ಲೇತ್_ಮನೆ

ಬಲ ಹಾಕ್ಬೇಡಿ. ಉಳಿದ ನಟ್ಟುಗಳಿಗೆ ರಾತ್ರಿಯೇ ರಸ್ಟ್ ಸ್ಪ್ರೇ ಹೊಡೆದು ಬಿಡಿ. ಬೆಳಗ್ಗೆ ಆ ಎಣ್ಣೆ ಒರೆಸಿ, ಗ್ಯಾಸ್ ಟಾರ್ಚಿಂದ ನಟ್ ಮಾತ್ರ ಕೆಂಪಗೆ ಕಾಯಿಸಿ, ಮೊದಲು ಒಂದು ಎಳೆ ಬಿಗಿ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ಕಿರುಗುಟ್ಟುತ್ತಾ ಬಂದರೆ ನಿಲ್ಲಿಸಿ, ವಾಪಸ್ ತಿರುಗಿಸಿ, ಮತ್ತೆ ಸ್ಪ್ರೇ. ಡೀಸೆಲ್ ಪೈಪುಗಳಿಗೆ ತಗಡು ಅಡ್ಡ ಇಡಿ, ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇರಲಿ.

ಮುರಿದ ಸ್ಟಡ್ಡಿಗೆ: ಮ್ಯಾನಿಫೋಲ್ಡ್ ತೆಗೆದ ಮೇಲೆ ಒಂದಿಷ್ಟು ತುಂಡು ಹೊರಗಿದ್ದರೆ ಅದರ ಮೇಲೆ ನಟ್ ಇಟ್ಟು ಒಳಗಿಂದ ವೆಲ್ಡ್ ತುಂಬಿಸಿ. ಆ ಬಿಸಿಗೇ ಅರ್ಧ ಕೆಲಸ ಆಗುತ್ತೆ. ಕೆಂಪು ಆರಿದ ಮೇಲೆ ನಿಧಾನ ತಿರುಗಿಸಿ. ಸಮಕ್ಕೆ ಮುರಿದಿದ್ದರೂ ಮೊದಲು ವೆಲ್ಡ್ ದಿಬ್ಬ ಕಟ್ಟಿ ನಟ್ ಕೂರಿಸಿ ನೋಡಿ. ಬರದಿದ್ದರೆ ನಟ್ಟನಡುವೆ ಸೆಂಟರ್ ಪಂಚ್ ಹೊಡೆದು ಮೊದಲು 3 ಮಿ.ಮೀ., ಆಮೇಲೆ ದೊಡ್ಡ ಬಿಟ್. ಕೊನೇ ಅಳತೆ ಎಂ8ಕ್ಕೆ 6.8, ಎಂ10 ಒಂದೂವರೆ ಪಿಚ್ಚಿಗೆ 8.5. ತೂತಿನ ತಿರುಪಿನ ಎಳೆ ಹೋದರೆ ಹೆಲಿಕಾಯಿಲ್ (ಹೊಸ ಎಳೆ ಕೊಡೋ ತಂತಿ ಸುರುಳಿ). ಸ್ಟಡ್ ಎಕ್ಸ್‌ಟ್ರಾಕ್ಟರ್ ನಂಬಬೇಡಿ, ಅದು ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನ ಕೊರೆಯಲ್ಲ.

ಬಿಚ್ಚಿದ ಮೇಲೆ ಮ್ಯಾನಿಫೋಲ್ಡ್ ಮುಖಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಫೀಲರ್ ಗೇಜ್ ತೂರಿಸಿ. 0.2 ಮಿ.ಮೀ. ಎಲೆ ಸಲೀಸಾಗಿ ಹೋದರೆ ಫೇಸಿಂಗ್ (ಮುಖ ಸಮತಟ್ಟು) ಮಾಡಿಸಲೇಬೇಕು, ಇಲ್ಲಾಂದ್ರೆ ಹೊಸ ಗ್ಯಾಸ್ಕೆಟ್ ಮತ್ತೆ ಅದೇ ಜಾಗದಲ್ಲಿ ಊದುತ್ತೆ. ಸ್ಟಡ್, ನಟ್ ಎಲ್ಲಾ ಹೊಸವು, ತಾಮ್ರದ ಲೇಪ ಇರುವ ನಟ್ ಸಿಕ್ಕರೆ ಅದೇ. ಸ್ಪ್ರಿಂಗ್ ವಾಷರ್ ಹಾಕಬೇಡಿ. ಆ ಬಿಸಿಗೆ ಅದರ ಗಡಸು ಹೋಗಿ ಬರೀ ಸೀಳಿದ ಉಂಗುರ ಆಗುತ್ತೆ. ನಡುವಿನಿಂದ ಎರಡೂ ಕಡೆಗೆ ಬಿಗಿ ಮಾಡುತ್ತಾ ಹೋಗಿ, ಮೂರು ಸುತ್ತಲ್ಲಿ. ಮ್ಯಾನುಯಲ್ ಕೈಲಿಲ್ಲದಿದ್ದರೆ ಎಂ8ಕ್ಕೆ 20–25 ನ್ಯೂಟನ್ ಮೀಟರ್, ಎಂ10ಕ್ಕೆ 40–45. ಗ್ರೀಸ್ ಅಲ್ಲ, ತಾಮ್ರದ ಆ್ಯಂಟಿ-ಸೀಜ್ ತೆಳ್ಳಗೆ. ಎಂಟು ಹತ್ತು ಸಲ ಕಾದು ಆರಿದ ಮೇಲೆ, ತಣ್ಣಗಿರುವಾಗ ಇನ್ನೊಂದು ಸಲ ಬಿಗಿ ನೋಡಿ.

ಹಾಸನ_ಡೀಸೆಲ್

ಗುಂಯ್ ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲ. ನಾಲ್ಕು ಸಿಲಿಂಡರ್ ಇಂಜಿನ್ನಲ್ಲಿ ಒಂದು ಸುತ್ತಿಗೆ ಎರಡು ಸಲ ಉರಿಯುತ್ತೆ. 1500 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 50. ಅಷ್ಟು ಕೆಳಸ್ತರದ ಸದ್ದನ್ನ ನಿಮ್ಮದರಂಥ ನೇರ ಹಾಯುವ, ಗ್ಲಾಸ್‌ವೂಲ್ ತುಂಬಿದ ಸಣ್ಣ ಸೈಲೆನ್ಸರ್ ಹಿಡಿಯಲ್ಲ, ಅದು ಹಿಡಿಯೋದು ಕೀರಲು ಸದ್ದನ್ನ. ನಿಮ್ಮ ಡಬ್ಬಿಯ ಗಾತ್ರ ಲೆಕ್ಕ ಹಾಕಿದರೆ ಮೂರು ಲೀಟರ್ ಚಿಲ್ಲರೆ, ಇಂಜಿನ್ನಿನ ಅಳತೆಯಷ್ಟೇ. ಕನಿಷ್ಠ ಐದು ಪಟ್ಟು ಬೇಕು. 20 ಸೆಂ.ಮೀ. ವ್ಯಾಸ, 60 ಸೆಂ.ಮೀ. ಉದ್ದದ, ಒಳಗೆ ಕೋಣೆಗಳಿರುವ ಡಬ್ಬಿ ಹಾಕಿದರೆ ಸುಮಾರು 19 ಲೀಟರ್.

ಕಾರಿನವರು ಪಕ್ಕಕ್ಕೆ ತುದಿ ಮುಚ್ಚಿದ ಪೈಪ್ ವೆಲ್ಡ್ ಮಾಡಿ ಸದ್ದು ಕೊಲ್ಲುತ್ತಾರೆ, ಅದನ್ನ ಇಲ್ಲಿ ಪ್ರಯತ್ನಿಸಬೇಡಿ. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 480 ಮೀಟರ್ ಅಂತ ಇಟ್ಟುಕೊಂಡರೂ 50ರ ಸದ್ದಿಗೆ ಆ ಪೈಪ್ 2.4 ಮೀಟರ್ ಉದ್ದ ಬೇಕಾಗುತ್ತೆ. 407ರ ಕೆಳಗೆ ಎಲ್ಲಿಡ್ತೀರಿ!

ಮತ್ತೆ, ಚಾಸಿಗೆ ವೆಲ್ಡ್ ಮಾಡಿದ ಆ ಪಟ್ಟಿ ಇದೆಯಲ್ಲ, ಅರ್ಧ ಸದ್ದು ಅದರ ಮೂಲಕವೇ ಕ್ಯಾಬಿನ್ನಿಗೆ ಹತ್ತುತ್ತಿದೆ. ಅದನ್ನ ಕತ್ತರಿಸಿ ರಬ್ಬರ್ ಹಾಕಿದ ದಿನವೇ ವ್ಯತ್ಯಾಸ ಗೊತ್ತಾಗುತ್ತೆ.

ಪಾನಾ_ಹದಿನೇಳು

ಬ್ಯಾಕ್ ಪ್ರೆಶರ್ ವಿಷಯ ಒಪ್ಪಿದೆ. ಇನ್ನೊಂದು ಸೇರಿಸ್ತೀನಿ. ಹಣ ಉಳಿಸೋಕೆ ನೀರಿನ ಜಿಐ (ಸತು ಲೇಪದ) ಪೈಪ್ ಹಾಕೋರು ಇದ್ದಾರೆ. ಸತು 420 ಡಿಗ್ರಿಗೆ ಕರಗುತ್ತೆ, ಘಟ್ಟ ಹತ್ತುವಾಗ ಟರ್ಬೊ ಹತ್ತಿರ ಅಷ್ಟು ಬಿಸಿ ಸುಲಭವಾಗಿ ಬರುತ್ತೆ. ವೆಲ್ಡ್ ಮಾಡುವಾಗ ಬರೋ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಅಲ್ಯುಮಿನೈಸ್ಡ್ (ಅಲ್ಯುಮಿನಿಯಂ ಲೇಪದ) ಪೈಪ್ ಅಥವಾ 409 ಸ್ಟೇನ್‌ಲೆಸ್ ಸ್ಟೀಲ್ ಸಿಕ್ಕರೆ ಅದು ಒಳ್ಳೆಯದು. 409 ಹಿಗ್ಗೋದು ಹೆಚ್ಚುಕಮ್ಮಿ ಎಂಎಸ್‌ನಷ್ಟೇ.

ಮಸಿಕೈ

ಎಫ್‌ಸಿಗೆ (ಫಿಟ್‌ನೆಸ್ ಪರೀಕ್ಷೆಗೆ) ಹೋಗೋ ಮುಂಚೆ ಬಾಲದ ದಿಕ್ಕು ನೋಡಿಕೊಳ್ಳಿ. ಕೇಂದ್ರ ಮೋಟಾರು ವಾಹನ ನಿಯಮ 112ರ ಪ್ರಕಾರ ಹೊಗೆ ಹಿಂದಕ್ಕೋ ಬಲಕ್ಕೋ ಹೋಗಬೇಕು, ಕೆಳಕ್ಕೂ ಎಡಕ್ಕೂ ಬಿಡುವಂತಿಲ್ಲ. 113ರಲ್ಲಿ ಇಂಧನ ಪೈಪಿಗೂ ಇದಕ್ಕೂ 35 ಮಿ.ಮೀ. ಅಂತರ ಹೇಳಿದೆ. ಅದು ಕಾನೂನಿನ ಕನಿಷ್ಠ. ಕೆಲಸದಲ್ಲಿ 75 ಬಿಡಿ, ಬ್ರೇಕ್ ಹೋಸಿಗೆ 100 ಬಿಡಿ, ಆಗದಿದ್ದರೆ ನಡುವೆ ತಗಡು. ಹೊಗೆ ಪರೀಕ್ಷೆಯಲ್ಲಿ ಬಿಎಸ್-4ಕ್ಕಿಂತ ಹಳೇ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್ರಿಡ್ಜ್ (ಹೊಗೆ ಎಷ್ಟು ದಟ್ಟ ಅಂತ ಅಳೆಯೋ ಮಾನ).

ಭತ್ತದ ಹುಲ್ಲು ಹೊಡೆಯೋ ಗಾಡಿಯಾದರೆ ಸೈಲೆನ್ಸರ್ ಮೇಲೆ ತಗಡಿನ ಮರೆ ಕಡ್ಡಾಯ ಅಂತ್ಲೇ ತಿಳಿಯಿರಿ. ಮರದ ಬಾಡಿಯ ಸಂದಿಂದ ಉದುರಿದ ಹುಲ್ಲು ಬಿಸಿ ಡಬ್ಬಿ ಮೇಲೆ ಕೂತರೆ ಆಮೇಲೆ ಮಾತಾಡೋಕೆ ಏನೂ ಉಳಿಯಲ್ಲ. ಇದನ್ನ ಓದ್ತಿರೋ ಬಿಎಸ್-4, ಬಿಎಸ್-6 ಗಾಡಿಯವರು ಈ ಅಳತೆ ಹಿಡಿದು ಪೈಪ್ ಕತ್ತರಿಸಬೇಡಿ, ನಿಮ್ಮದರಲ್ಲಿ ಹೊಗೆ ಶುದ್ಧಿ ಮಾಡೋ ಭಾಗಗಳೂ ಸೆನ್ಸರುಗಳೂ ಅದರೊಳಗೇ ಇವೆ.

ಕಲ್ಲುಗಾಡಿ_407

ಮೌಂಟಿಂಗ್ ಜೋಡಿ, ಮ್ಯಾನಿಫೋಲ್ಡ್ ಫೇಸಿಂಗ್ (ಮೂರನೇ ಸಿಲಿಂಡರ್ ಕಡೆ 0.35 ಮಿ.ಮೀ. ಡೊಂಕಿತ್ತು), ಹೊಸ ಗ್ಯಾಸ್ಕೆಟ್, ಗೇರ್‌ಬಾಕ್ಸ್ ಬ್ರಾಕೆಟ್, 200 ಮಿ.ಮೀ. ಫ್ಲೆಕ್ಸಿಬಲ್, ನಾಲ್ಕು ರಬ್ಬರ್, 19 ಲೀಟರ್ ಡಬ್ಬಿ ಎಲ್ಲಾ ಆಯ್ತು. ಪೂರ್ತಿ ಲೋಡಲ್ಲಿ ಗೇಜ್ 7 ಕಿಲೋಪಾಸ್ಕಲ್ ತೋರಿಸ್ತು. ಪಿಕಪ್ ಬಂದಿದೆ, ಹೊಗೆ ಇಳಿದಿದೆ, ಗುಂಯ್ ಸದ್ದು ಬಹಳ ಕಮ್ಮಿ. ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ಜಾಯಿಂಟಿಂದ ಕಪ್ಪು ನೀರು ಹನಿಯುತ್ತೆ. ಹೆಡ್ ಗ್ಯಾಸ್ಕೆಟ್ ಹೋಗಿದೆಯಾ?

ಲೇತ್_ಮನೆ

ರೇಡಿಯೇಟರ್ ನೀರು ಇಳೀತಿಲ್ಲ ಅಂದ್ರೆ ಅಲ್ಲ. ಡೀಸೆಲ್ ಉರಿದಾಗ ನೀರಾವಿ ಬರುತ್ತೆ, ತಣ್ಣನೆ ದೊಡ್ಡ ಡಬ್ಬಿಯಲ್ಲಿ ಅದು ನೀರಾಗಿ ಮಸಿ ಜೊತೆ ಇಳಿಯುತ್ತೆ. ಇಪ್ಪತ್ತು ನಿಮಿಷ ಓಡಿದ ಮೇಲೆ ನಿಂತರೆ ಸರಿ. ಡಬ್ಬಿಯ ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ 3 ಮಿ.ಮೀ. ತೂತು ಒಂದು ಕೊರೆದುಬಿಡಿ, ನೀರು ಒಳಗೆ ನಿಲ್ಲಲ್ಲ. ನಿಮ್ಮ ಹಳೇ ಸೈಲೆನ್ಸರ್ ಒಳಗಿಂದ ತಿಂದುಹೋಗಿದ್ದೂ ಹೀಗೇ ನಿಂತ ನೀರಿಂದ. ಆಗಿನ ಡೀಸೆಲ್ಲಲ್ಲಿ ಗಂಧಕ 500 ಪಿಪಿಎಂ (ಹತ್ತು ಲಕ್ಷಕ್ಕೆ 500 ಪಾಲು) ತನಕ ಇತ್ತು, ಆ ನೀರು ಆಮ್ಲ ಆಗ್ತಿತ್ತು. 2020ರ ಏಪ್ರಿಲಿಂದ ಬರ್ತಿರೋದರಲ್ಲಿ ಮಿತಿ 10. ತೂತು ಇದ್ದರೆ ಈ ಡಬ್ಬಿ ಹೆಚ್ಚು ದಿನ ಬರುತ್ತೆ. ತಿಂಗಳಿಗೊಮ್ಮೆ ತಂತಿ ಹಾಕಿ ಮಸಿ ಬಿಡಿಸಿ, ಇಲ್ಲಾಂದ್ರೆ ಮುಚ್ಚಿಹೋಗುತ್ತೆ.