ಬಿರುಕು ಬಿಡಿಸುವುದು ಹೇಗೆ? ಹಳೆ ಮೇಜಿಗೆ ಬಣ್ಣ ಹಚ್ಚಿದವರ ಅನುಭವ

ಅತ್ತೆ ಕೊಟ್ಟ ಮೂರು ಡ್ರಾಯರ್‌ಗಳ ಮರದ ಮೇಜು ಇದೆ. ಗಟ್ಟಿಮುಟ್ಟಾಗಿದೆ. ಆದರೆ ಪಾಲಿಶ್ ಕಪ್ಪಾಗಿ ಅಲ್ಲಲ್ಲಿ ಕಿತ್ತುಹೋಗಿದೆ. ತಿಳಿ ಬಣ್ಣ ಹಚ್ಚಿ, ಬಿರುಕು ಬಿಟ್ಟ ಹಾಗೆ, ಅಂಚು ಸವೆದ ಹಾಗೆ ಮಾಡಬೇಕು ಅಂತ ಆಸೆ. ಚಾಕ್ ಪೇಂಟ್ (ಹೊಳಪಿಲ್ಲದೆ ಸೀಮೆಸುಣ್ಣದ ಹಾಗೆ ಕಾಣುವ ನೀರಿನ ಬಣ್ಣ) ತಂದರೆ ಉಜ್ಜುವ ಕೆಲಸವೇ ಇಲ್ಲ ಅಂತಾರೆ, ನಿಜವಾ? ಗೇಟಿಗೆ ಎನಾಮಲ್ ಬಳಿದದ್ದು ಬಿಟ್ಟರೆ ನನಗೆ ಬೇರೆ ಅನುಭವ ಇಲ್ಲ. ಮಾಡಿ ನೋಡಿದವರು ಹೇಳಿ. ಎಡವಟ್ಟು ಆಗಿದ್ದರೆ ಅದನ್ನೂ ಹೇಳಿ.

*

ನನ್ನದು ಎಡವಟ್ಟೇ. ಕೆಂಪು ಮರದ ಪುಟ್ಟ ಕಪಾಟಿಗೆ ಬಿಳಿ ಹಚ್ಚಿದೆ. ಮೊದಲ ದಿನ ಚೆನ್ನಾಗಿತ್ತು. ಎರಡನೇ ದಿನ ಬೆಳಗ್ಗೆ ನೋಡಿದರೆ ಅಲ್ಲಲ್ಲಿ ನಸುಗೆಂಪು ಕಲೆ. ಇನ್ನೊಂದು ಕೋಟ್ ಹಚ್ಚಿದೆ, ಮತ್ತೆ ಬಂತು. ಹೀಗೆ ನಾಲ್ಕು ಕೋಟ್ ಆಯಿತು. ಮರದೊಳಗಿನ ಟ್ಯಾನಿನ್ ಅನ್ನುವ ಒಗರು ಅಂಶ ಮತ್ತು ಹಳೆ ಪಾಲಿಶ್‌ನ ಬಣ್ಣ ನೀರಿನ ಪೇಂಟ್‌ನಲ್ಲಿ ಕರಗಿ ಮೇಲೆ ಬರುತ್ತದಂತೆ. ಅದು ಎಷ್ಟು ಕೋಟ್ ಹಚ್ಚಿದರೂ ನಿಲ್ಲುವುದಿಲ್ಲ.

ಕೊನೆಗೆ ನಿಂತದ್ದು ಅರಗಿನಿಂದ. ಸ್ಪಿರಿಟ್‌ನಲ್ಲಿ ಕರಗಿಸಿದ, ಮೇಣ ತೆಗೆದ ಅರಗನ್ನು ತೆಳುವಾಗಿ ಎರಡು ಸಲ ಹಚ್ಚಿದೆ. ಬೇಗ ಒಣಗುತ್ತದೆ, ಗಂಟೆಯೊಳಗೆ ಎರಡನೇ ಕೈ ಕೊಡಬಹುದು. ಅದರ ಮೇಲೆ ಬಿಳಿ ಹಚ್ಚಿದೆ, ಮತ್ತೆ ಕಲೆ ಬರಲಿಲ್ಲ. ನಿಮ್ಮದು ಕಪ್ಪು ಪಾಲಿಶ್, ಹಚ್ಚುವುದು ತಿಳಿ ಬಣ್ಣ. ಅರಗು ಬಿಡಲೇಬೇಡಿ.

*

ಬಣ್ಣ ಬೇಕೇ ಬೇಕಾ? ಮೊದಲು ಸೋಪಿನ ನೀರಿನಲ್ಲಿ ಒರೆಸಿ ನೋಡಿ. ನಮ್ಮ ಕುರ್ಚಿಯ ಕಪ್ಪು ಬರೀ ಕೈಜಿಡ್ಡು. ಒರೆಸಿದ ಮೇಲೆ ಕೆಳಗೆ ಎಂಥ ಚಂದದ ಮರ ಇತ್ತು ಅಂದರೆ, ತಂದಿಟ್ಟ ಪೇಂಟ್ ಡಬ್ಬ ಹಾಗೇ ಉಳಿಯಿತು.

*

ಮೇಲಿನವರು ಹೇಳಿದ್ದು ಸರಿ. ಹಳೆ ಪಾಲಿಶ್ ಯಾವುದು ಅಂತ ತಿಳಿಯಲು ಹತ್ತಿಗೆ ಸ್ಪಿರಿಟ್ ಹಾಕಿ, ಕಾಣದ ಜಾಗದಲ್ಲಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಅಂಟಂಟಾಗಿ ಹತ್ತಿಗೆ ಬಂದರೆ ಅದು ಅರಗಿನ ಪಾಲಿಶ್. ಏನೂ ಆಗದಿದ್ದರೆ ವಾರ್ನಿಶ್ ಥರದ್ದು ಯಾವುದೋ ಇರಬೇಕು.

ಈಗ ಚಾಕ್ ಪೇಂಟ್ ವಿಷಯ. ಇದನ್ನು 1990ರಲ್ಲಿ ಮೊದಲು ಮಾಡಿದವರು ಬ್ರಿಟನ್ನಿನ ಆನಿ ಸ್ಲೋನ್. ಉಜ್ಜದೆ, ಪ್ರೈಮರ್ ಇಲ್ಲದೆ ಹಿಡಿಯಲಿ ಅನ್ನುವುದೇ ಅದರ ಉದ್ದೇಶ. ಹಾಗಾಗಿ ನೀವು ಕೇಳಿದ್ದು ಸುಳ್ಳಲ್ಲ. ಆದರೆ ಉಜ್ಜುವುದು ಬೇಡ ಅಂದರೆ ತೊಳೆಯುವುದೂ ಬೇಡ ಅಂತಲ್ಲ! ಜಿಡ್ಡು ಅಥವಾ ಮೇಣ ಇದ್ದ ಕಡೆ ಅದೂ ಸಿಪ್ಪೆಯ ಹಾಗೆ ಏಳುತ್ತದೆ. ನನ್ನ ಮೇಜಿನಲ್ಲಿ ಹಿಡಿಯ ಸುತ್ತ ಹಾಗೇ ಆಯಿತು, ಯಾಕೆಂದರೆ ದಿನಾ ಕೈ ತಾಗುವುದು ಅಲ್ಲೇ ಅಲ್ವಾ? ಈಗ ನಾನು ಸೋಪಿನ ನೀರು, ಆಮೇಲೆ ಬರೀ ನೀರು, ಒಣಗಿದ ಮೇಲೆ ಟರ್ಪೆಂಟೈನ್ ಅದ್ದಿದ ಬಟ್ಟೆ, ಇಷ್ಟು ಮಾಡುತ್ತೇನೆ. ಹೊಳೆಯುವ ಜಾಗಕ್ಕೆ ಮಾತ್ರ 180 ನಂಬರಿನ ಸ್ಯಾಂಡ್‌ಪೇಪರ್ ಎರಡು ಸಲ ಆಡಿಸುತ್ತೇನೆ. ಹತ್ತು ನಿಮಿಷದ ಕೆಲಸ.

ಮನೆಯಲ್ಲೇ ಮಾಡಿಕೊಳ್ಳಲೂಬಹುದು. ಒಂದು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್, ಒಂದು ಪಾಲು ನೀರು, ಮೂರು ಪಾಲು ಗೋಡೆಗೆ ಹಚ್ಚುವ ಇಮಲ್ಷನ್. ಪುಡಿಯನ್ನು ಮೊದಲು ನೀರಿನಲ್ಲಿ ಗಂಟಿಲ್ಲದೆ ಕಲಸಿ ಆಮೇಲೆ ಬಣ್ಣಕ್ಕೆ ಸೇರಿಸಿ. ಅವತ್ತಿಗೆ ಬೇಕಾದಷ್ಟೇ ಕಲಸಿ, ನಿಂತರೆ ಗಟ್ಟಿಯಾಗುತ್ತದೆ.

*

ಬಿರುಕಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಇದು ನನ್ನ ಹುಚ್ಚು. ಮನೆಯಲ್ಲಿ ಬಿರುಕಿಲ್ಲದ ಸ್ಟೂಲ್ ಉಳಿದಿಲ್ಲ.

ಕೆಳಗೊಂದು ಬಣ್ಣ, ಮೇಲೊಂದು ಬಣ್ಣ, ನಡುವೆ ಗೋಂದು. ಅಷ್ಟೇ ಗುಟ್ಟು. ಮರಗೆಲಸದ ಬಿಳಿ ಗೋಂದು ಸಾಕು. ಕೆಳಗಿನ ಬಣ್ಣ ಪೂರ್ತಿ ಒಣಗಿದ ಮೇಲೆ ಗೋಂದು ಬಳಿಯಿರಿ. ಬೆರಳಿಟ್ಟರೆ ಅಂಟಬೇಕು, ಬೆರಳಿಗೆ ಮಾತ್ರ ಬರಬಾರದು. ಆ ಹದಕ್ಕೆ ಮೇಲಿನ ಬಣ್ಣ ಹಚ್ಚಬೇಕು. ಗೋಂದು ಇನ್ನೂ ಜಾರುತ್ತಿರುವಾಗಲೇ ಮೇಲಿನ ಬಣ್ಣ ಒಣಗಿ ಕುಗ್ಗುತ್ತದೆ, ಅದಕ್ಕೇ ಒಡೆಯುತ್ತದೆ. ಕಣ್ಣೆದುರೇ ಒಡೆಯುವುದನ್ನು ನೋಡುವುದೇ ಒಂದು ಖುಷಿ.

ಗೋಂದು ದಪ್ಪ ಆದರೆ ದೊಡ್ಡ ಬಿರುಕು, ತೆಳು ಆದರೆ ಕೂದಲೆಳೆಯಂಥದ್ದು. ಬ್ರಷ್ ಎಳೆದ ದಿಕ್ಕಿನಲ್ಲೇ ಗೆರೆ ಬೀಳುತ್ತದೆ. ಜೇಡರ ಬಲೆಯ ಥರ ಬೇಕಾದರೆ ಸ್ಪಂಜಿನಿಂದ ತಟ್ಟಿ. ಒಂದು ಸಲ ಬ್ರಷ್ ಎಳೆದ ಜಾಗಕ್ಕೆ ಮತ್ತೆ ಹೋಗಬೇಡಿ. ಮೊದಲ ಸಲ ನಾನು ಇಲ್ಲೊಂಚೂರು ಸರಿ ಮಾಡೋಣ ಅಂತ ಮತ್ತೆ ಎಳೆದೆ, ಬಣ್ಣ ಗೋಂದಿನ ಸಮೇತ ಮುದ್ದೆಯಾಗಿ ಬ್ರಷ್‌ಗೆ ಬಂತು. ಡ್ರಾಯರ್‌ಗಳನ್ನು ಹೊರಗೆ ತೆಗೆದು ಮುಖ ಮೇಲೆ ಮಾಡಿ ಮಲಗಿಸಿ. ನಿಂತ ಹಲಗೆಯಲ್ಲಿ ಬಣ್ಣ ಜಾರಿ ಕೆಳಗೆ ಬರುತ್ತದೆ.

ಕೊನೆಯ ವಾರ್ನಿಶ್ ನೀರಿನದ್ದಾದರೆ ಗೋಂದು ಮತ್ತೆ ಮೆತ್ತಗಾಗಬಹುದು. ಇದಕ್ಕೆ ಮಾತ್ರ ಎಣ್ಣೆಯ ವಾರ್ನಿಶ್ ಒಳ್ಳೆಯದು. ಬರುಬರುತ್ತಾ ಹಳದಿಗೆ ತಿರುಗುತ್ತದೆ, ನಿಜ. ಬಿರುಕಿಗೆ ಆ ಹಳದಿ ಒಪ್ಪುತ್ತದೆ ಅಂತ ನನ್ನ ಲೆಕ್ಕ.

ಒಂದೇ ಮಾತು: ಇಡೀ ಮೇಜಿಗೆ ಮಾಡಬೇಡಿ. ಮೂರು ಡ್ರಾಯರ್‌ಗಳ ಮುಖಕ್ಕೆ ಮಾತ್ರ ಸಾಕು. ಎಲ್ಲ ಕಡೆ ಬಿರುಕಿದ್ದರೆ ಒಣಗಿದ ಕೆರೆಯ ಥರ ಕಾಣುತ್ತದೆ.

*

ಅಂಚು ಸವೆಸಲು ಮೇಣದಬತ್ತಿ. ಬಣ್ಣ ಹಚ್ಚುವ ಮೊದಲು ಅಂಚಿಗೆ, ಮೂಲೆಗೆ, ಕಾಲಿನ ತುದಿಗೆ ಉಜ್ಜಿ. ಬಣ್ಣ ಒಣಗಿದ ಮೇಲೆ 220 ನಂಬರಿನ ಪೇಪರ್‌ನಿಂದ ಮೆಲ್ಲಗೆ ಒರೆಸಿದರೆ ಅಲ್ಲಿ ತಾನೇ ಬಿಡುತ್ತದೆ. ಉಳಿದ ಮೇಣವನ್ನು ಒರೆಸಿ ತೆಗೆದ ಮೇಲೆಯೇ ವಾರ್ನಿಶ್ ಹಚ್ಚಿ. ಎಲ್ಲಿ ಸವೆಸಬೇಕು ಅನ್ನುವುದು ನಿಮಗೇ ಗೊತ್ತಿದೆ. ಕೈ ಎಲ್ಲಿ ತಾಗುತ್ತದೆ, ಪೊರಕೆ ಎಲ್ಲಿ ಬಡಿಯುತ್ತದೆ? ಅಲ್ಲೇ. ಹಲಗೆಯ ನಟ್ಟನಡುವೆ ಸವೆಸಿದರೆ ಸುಮ್ನೆ ಬೆಕ್ಕು ಪರಚಿದ ಹಾಗೆ ಇರುತ್ತದೆ. ಅಂಚಿನಲ್ಲಿ ಎಲ್ಲ ಕಡೆ ಒಂದೇ ಅಳತೆಗೆ ಸವೆಸಿದರೂ ಕಳ್ಳತನ ಗೊತ್ತಾಗಿಬಿಡುತ್ತದೆ.

*

ಸ್ವಲ್ಪ ತಡೆಯಿರಿ. ಮೇಜಿನ ಒಳಗೆಲ್ಲಾದರೂ ಹಳೆ ಪೇಂಟ್ ಇದೆಯಾ? ತುಂಬಾ ಹಳೆ ಪೇಂಟ್‌ನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಅನುಮಾನ ಇದ್ದರೆ ಒಣಗಿದ್ದನ್ನು ಉಜ್ಜಲೇಬೇಡಿ, ಮಷಿನ್ ಅಂತೂ ಬೇಡವೇ ಬೇಡ. ಆ ದೂಳು ಚಿಕ್ಕ ಮಕ್ಕಳಿಗೆ ತುಂಬಾ ಅಪಾಯ. ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಒರೆಸಿದ ಬಟ್ಟೆಯನ್ನು ಕಟ್ಟಿ ಬಿಸಾಕಿ.

ಅಗಸೆ ಎಣ್ಣೆ ಬಳಸಿದರೆ ಇನ್ನೊಂದು ವಿಷಯ. ಅದು ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ.

*

ಡ್ರಾಯರ್‌ನ ಪಕ್ಕಕ್ಕೆ ಮತ್ತು ಅದು ಜಾರುವ ಪಟ್ಟಿಗೆ ಬಣ್ಣ ಹಚ್ಚಬೇಡಿ. ನಾನು ಹಚ್ಚಿದೆ. ಒಂದು ಡ್ರಾಯರ್ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಆದರೆ ಒಳಗಿನಿಂದ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಭಾರ ಇಡಬೇಡಿ. ಮೇಣದ ಪಾಲಿಶ್ ಕೊಡುವುದಾದರೆ ಮೇಲ್ಹಲಗೆಗೆ ಬೇಡ, ಬಿಸಿ ಲೋಟ ಇಟ್ಟರೆ ಗುರುತು ಬೀಳುತ್ತದೆ. ಕಪ್ಪು ಮೇಣವನ್ನಂತೂ ನೇರ ಚಾಕ್ ಪೇಂಟ್ ಮೇಲೆ ಹಚ್ಚಬೇಡಿ, ಹೀರಿಕೊಂಡು ಕಲೆಯಾಗುತ್ತದೆ. ಮೊದಲು ಬಣ್ಣವಿಲ್ಲದ ಮೇಣ, ಆಮೇಲೆ ಕಪ್ಪು.

*

ಎಲ್ಲರಿಗೂ ಥ್ಯಾಂಕ್ಸ್. ಹತ್ತಿ ಇಟ್ಟು ನೋಡಿದೆ, ಅಂಟಂಟಾಗಿ ಕಂದು ಬಣ್ಣ ಬಂತು. ಅರಗೇ ಇರಬೇಕು. ಬಿರುಕು ಡ್ರಾಯರ್ ಮುಖಕ್ಕೆ ಮಾತ್ರ ಅಂತ ತೀರ್ಮಾನ ಮಾಡಿದೆ. ಇನ್ನೊಂದೇ ಪ್ರಶ್ನೆ. ಗೇಟಿಗೆ ತಂದ ಎನಾಮಲ್ ಅರ್ಧ ಡಬ್ಬ ಉಳಿದಿದೆ. ಗೋಂದಿನ ಮೇಲೆ ಅದನ್ನೇ ಹಚ್ಚಬಹುದಾ?

*

ಬಿರುಕಿನ ಹುಚ್ಚು ನನ್ನದು, ನಾನೇ ಹೇಳುತ್ತೇನೆ. ಬೇಡ. ಎಣ್ಣೆ ಪೇಂಟ್ ಗೋಂದಿನ ಮೇಲೆ ಹೀಗೆ ಒಡೆಯುವುದಿಲ್ಲ, ಮೇಲಿನದು ನೀರಿನ ಬಣ್ಣವೇ ಆಗಬೇಕು. ಕೆಳಗಿನ ಕೋಟ್‌ಗೂ ಬೇಡ, ಆ ನುಣುಪಿನ ಮೇಲೆ ಗೋಂದು ಸರಿಯಾಗಿ ಹಿಡಿಯುವುದಿಲ್ಲ. ಡ್ರಾಯರ್ ಒಳಗೆ ಹಚ್ಚೋಣ ಅಂತಲೂ ಯೋಚಿಸಬೇಡಿ, ಬಟ್ಟೆಗೆಲ್ಲ ವಾಸನೆ ಹಿಡಿಯುತ್ತದೆ. ಗೇಟಿಗೇ ಇನ್ನೊಂದು ಕೋಟ್ ಕೊಟ್ಟುಬಿಡಿ.