ಸಹಾಯ ಬೇಕು: ಮನೆಯವರ ವಿರೋಧದ ನಡುವೆ ಸುವಾರ್ತೆಯನ್ನು ಹೇಗೆ ಹಂಚಿಕೊಳ್ಳಲಿ?

ಕ್ರಿಸ್ತನಲ್ಲಿ ಪ್ರಿಯ ಸಹೋದರ ಸಹೋದರಿಯರಿಗೆ ವಂದನೆಗಳು. ನಾನು ದೀಕ್ಷಾಸ್ನಾನ ಪಡೆದು 2 ವರ್ಷಗಳಾದವು. ಅಂದಿನಿಂದ ನನ್ನ ಅಣ್ಣ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅಮ್ಮ ಮಾತನಾಡುತ್ತಾರೆ, ಆದರೆ ಯೇಸುವಿನ ಹೆಸರೆತ್ತಿದೊಡನೆ ಎದ್ದು ಹೋಗುತ್ತಾರೆ. ನನ್ನ ನಂಬಿಕೆ ಕುಂದಿಲ್ಲ, ಆದರೆ ಬಾಯಿ ಕಟ್ಟಿದಂತಾಗಿದೆ.

ಯೆಹೂದ್ಯರ ಉಚ್ಚ ನ್ಯಾಯಸಭೆಯಾದ ಹಿರೀಸಭೆಯವರು ಗದರಿಸಿದಾಗ ಯೇಸುವಿನ ಶಿಷ್ಯರಾದ ಪೇತ್ರ ಮತ್ತು ಯೋಹಾನರು, ತಾವು ಕಂಡು ಕೇಳಿದ್ದನ್ನು ಹೇಳದೆ ಇರಲಾರೆವು ಎಂದು ಉತ್ತರಿಸಿದ್ದನ್ನು (ಅಪೊಸ್ತಲರ ಕೃತ್ಯಗಳು 4:20) ಓದಿದಾಗಲೆಲ್ಲ ಧೈರ್ಯ ಬರುತ್ತದೆ. ಅದೇ ಪೇತ್ರನು ತನ್ನ ಮೊದಲ ಪತ್ರಿಕೆಯಲ್ಲಿ (3:15), ನಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಸಾತ್ವಿಕತೆಯಿಂದ ಉತ್ತರ ಕೊಡಲು ಸಿದ್ಧರಾಗಿರಿ ಎನ್ನುತ್ತಾನೆ. ನನ್ನ ತೊಡಕಿರುವುದು ಇಲ್ಲಿಯೇ: ಕೇಳದವರಿಗೆ ಹೇಳುವುದು ಒತ್ತಾಯವಾಗುತ್ತದೆಯೋ, ಸುಮ್ಮನಿರುವುದು ಕರ್ತನನ್ನು ಅಲ್ಲಗಳೆದಂತಾಗುತ್ತದೆಯೋ ತಿಳಿಯದಾಗಿದೆ. ವಾದದಿಂದ ಯಾರ ಮನಸ್ಸೂ ತೆರೆಯದೆಂಬುದನ್ನು ಮಾತ್ರ, ಒಮ್ಮೆ ಅಣ್ಣನೊಡನೆ ಜಗಳವಾಡಿ, ನೋವಿನಿಂದ ಕಲಿತಿದ್ದೇನೆ.

ಇಂಥ ಮನೆಯಲ್ಲಿ ವರ್ಷಗಟ್ಟಲೆ ಬಾಳಿದವರು, ಯಾವಾಗ ಮಾತನಾಡಿದಿರಿ, ಯಾವಾಗ ಕೇವಲ ಸೇವೆಯಿಂದಲೂ ಪ್ರಾರ್ಥನೆಯಿಂದಲೂ ಸಾಕ್ಷಿ ನೀಡಿದಿರಿ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ. ವಾರಕ್ಕೊಮ್ಮೆ ನನ್ನೊಡನೆ ಫೋನಿನಲ್ಲಿ ಪ್ರಾರ್ಥಿಸಲು ಒಬ್ಬ ಹಿರಿಯ ವಿಶ್ವಾಸಿ ಒಪ್ಪಿದರೆ ಬಹಳ ಉಪಕಾರವಾಗುತ್ತದೆ.