ಮಿರಾಯ್ ನಿಕ್ಕಿ: ಯುನೊ ಡೈರಿಯ ಲೆಕ್ಕ, ಮೂರನೇ ಹೆಣ, ಅವಳ ಮೌನ (ಪೂರ್ತಿ ಸ್ಪಾಯ್ಲರ್)

ತುಂಗಾತೀರ

ಮಿರಾಯ್ ನಿಕ್ಕಿ ಅನಿಮೆಯ 26 ಎಪಿಸೋಡೂ ಮುಗೀತು. ಮುಂದಾಗೋದನ್ನು ಮೊದಲೇ ತೋರಿಸೋ ಡೈರಿ ಹಿಡಿದ ಹನ್ನೆರಡು ಜನ ಒಬ್ಬರನ್ನೊಬ್ಬರು ಕೊಲ್ಲೋ ಆಟ ಇದು, ಕೊನೆಗೆ ಉಳಿದವರು ದೇವರಾಗ್ತಾರೆ. ಕೊನೆಯವರೆಗಿನ ಗುಟ್ಟೆಲ್ಲ ಇಲ್ಲಿ ಬರುತ್ತೆ, ನೋಡದವರು ಇಲ್ಲಿಂದಲೇ ವಾಪಸ್ ಹೋಗಿ.

ಗಸಾಯ್ ಯುನೊ ಅಂದ್ರೆ ಎಲ್ಲರೂ ಹೇಳೋದು "ಯಾಂಡೆರೆ ರಾಣಿ" (ಪ್ರೀತಿಯ ಹುಚ್ಚಿಗೆ ಕೊಲ್ಲೋಕೂ ಹೇಸದವಳು) ಅಂತ ಒಂದೇ ಮಾತು. ಜೊತೆಗೆ ಕೊಡಲಿ ಹಿಡಿದು ನಗೋ ಅದೇ ಚಿತ್ರ. ನನಗೆ ಮೂರು ಕಡೆ ಲೆಕ್ಕ ತಾಳೆ ಆಗ್ತಿಲ್ಲ:

1. ಬೇರೆಯವರ ಹತ್ತಿರ ಕೊಲೆ ಡೈರಿ, ಪಲಾಯನ ಡೈರಿ, ತನಿಖೆ ಡೈರಿ ಇದೆ. ಇವಳ ಡೈರಿಯಲ್ಲಿ ಇರೋದು ಇವಳು ಪ್ರೀತಿಸೋ ಹುಡುಗ ಯುಕ್ಕಿ ಏನು ಮಾಡ್ತಾನೆ ಅನ್ನೋದಷ್ಟೇ. ಅದನ್ನಿಟ್ಟುಕೊಂಡು ಕೊನೆವರೆಗೂ ಉಳಿದದ್ದು ಹೇಗೆ?

2. ಅವಳ ಮನೆಯಲ್ಲಿ ಮೂರು ಹೆಣ. ಎರಡು ಅಪ್ಪ-ಅಮ್ಮಂದು. ಮೂರನೇದು ಯಾರದು, ಯಾವ ಲೋಕದ್ದು? ಆ ಮೊದಲು-ಎರಡು-ಮೂರು ಲೋಕದ ಜಾಗದಲ್ಲಿ ಪೂರ್ತಿ ಗೊಂದಲ.

3. ಸತ್ತವರನ್ನು ದೇವರಾದರೂ ಬದುಕಿಸೋಕಾಗಲ್ಲ ಅಂತ ಅವಳಿಗೆ ಗೊತ್ತಿತ್ತು. ಯುಕ್ಕಿ ಆಗುತ್ತೆ ಅಂತಲೇ ನಂಬಿ ಸ್ನೇಹಿತರನ್ನು ಸಾಯಿಸ್ತಿದ್ದಾಗಲೂ ಬಾಯಿ ಬಿಡಲಿಲ್ಲ. ಪ್ರೀತಿ ಇದ್ದವಳು ಹೀಗೆ ಮಾಡ್ತಾಳಾ?

ಇದೇ ಥರ ಸಾಯೋ-ಉಳಿಯೋ ಆಟದ ಕಥೆಯೊಂದನ್ನು ಕನ್ನಡದಲ್ಲಿ ಬರೀಬೇಕು ಅಂತಿದೆ. ಮುಖ್ಯ ಪಾತ್ರ ಹೆಣ್ಣು. ಬರೀ "ಹುಚ್ಚಿ" ಆಗಬಾರದು.

---

ಹತ್ತು_ನಿಮಿಷ

ಮೊದಲನೇದಕ್ಕೆ ಉತ್ತರ ಬೇಕಾದರೆ ಡೈರಿ ಎಲ್ಲಿಂದ ಬಂತು ಅನ್ನೋದನ್ನು ನೋಡಬೇಕು. ಆಟ ನಡೆಸೋ ದೇವರು ಡೆಯುಸ್ ಯಾರಿಗೂ ಹೊಸ ಶಕ್ತಿ ಕೊಟ್ಟಿಲ್ಲ. ಪ್ರತಿಯೊಬ್ಬರೂ ಮೊದಲೇ ಏನು ಬರೆದಿಡುತ್ತಿದ್ದರೋ ಅದರ ಮುಂದಿನ ಪುಟಗಳನ್ನು ಈಗಲೇ ಓದೋಕೆ ಬಿಟ್ಟಿದ್ದಾನೆ, ಅಷ್ಟೇ. ಯುಕ್ಕಿ ಯಾರ ಜೊತೆಗೂ ಸೇರದೆ ಸುಮ್ಮನೆ ಸುತ್ತಲಿನದ್ದನ್ನೆಲ್ಲ ಫೋನಿನಲ್ಲಿ ಟೈಪ್ ಮಾಡ್ತಿದ್ದ ಹುಡುಗ. ಅದಕ್ಕೇ ಅವನ ಡೈರಿಯಲ್ಲಿ ಸುತ್ತಮುತ್ತ ನಡೆಯೋದೆಲ್ಲ ಇದೆ, ಅವನ ಬಗ್ಗೆ ಒಂದು ಸಾಲೂ ಇಲ್ಲ. ಯುನೊ ಆಟ ಶುರುವಾಗೋ ಮೊದಲಿಂದಲೂ ಅವನ ಹಿಂದೆ ಬಿದ್ದು ಹತ್ತು ಹತ್ತು ನಿಮಿಷಕ್ಕೆ ಅವನನ್ನು ಬರೆದಿಡ್ತಿದ್ದವಳು. ಅವಳದು ಹತ್ತು ನಿಮಿಷಕ್ಕೊಂದು ಸಾಲು, ಅದೂ ಅವನೊಬ್ಬನದೇ.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಪೂರ್ತಿ ಚಿತ್ರ ಸಿಗುತ್ತೆ. ಸುತ್ತಲಿನ ಅಪಾಯ ಅವನ ಫೋನಿನಲ್ಲಿ, ಆ ಅಪಾಯದಿಂದ ಅವನಿಗೆ ಏನಾಗುತ್ತೆ ಅನ್ನೋದು ಅವಳ ಫೋನಿನಲ್ಲಿ. ಹನ್ನೆರಡು ಜನರಲ್ಲಿ ಇಷ್ಟು ಚೆನ್ನಾಗಿ ಹೊಂದೋ ಜೋಡಿ ಇನ್ನೊಂದಿಲ್ಲ.

ಈಗ ತೂತುಗಳು. ಎರಡು ಡೈರಿಯನ್ನೂ ಕೂಡಿಸಿದರೂ ಯುನೊಗೆ ಏನಾಗುತ್ತೆ ಅನ್ನೋದು ನೇರವಾಗಿ ಎಲ್ಲೂ ಬರಲ್ಲ. ಅವಳು ಯುಕ್ಕಿ ಕಣ್ಣೆದುರು ಇದ್ದರೆ ಅವನ ಡೈರಿಯ "ಸುತ್ತಮುತ್ತ"ದೊಳಗೆ ಸೇರ್ತಾಳೆ, ಇಲ್ಲದಿದ್ದರೆ ಅವಳ ಬೆನ್ನ ಹಿಂದಿನ ಚಾಕು ಯಾರ ಫೋನಿನಲ್ಲೂ ಕಾಣಲ್ಲ. ಅವನನ್ನು ಬಿಟ್ಟಿರಲಾರೆ ಅಂತ ಅವಳು ಅನ್ನೋದು ಹುಚ್ಚು ಪ್ರೀತಿಯ ಡೈಲಾಗ್ ಥರ ಕೇಳುತ್ತೆ, ಆದ್ರೆ ಆಟದ ಲೆಕ್ಕದಲ್ಲೂ ಅದು ನಿಜ. ಎರಡನೇ ತೂತು ಆ ಹತ್ತು ನಿಮಿಷದ ಸಂದು, ನಡುವೆ ಏನಾದರೂ ಆಗಬಹುದು. ಮೂರನೇದು ಎಲ್ಲ ಡೈರಿಗೂ ಸೇರಿದ್ದು: ಬರೆದವನು ಮೋಸ ಹೋದರೆ ಡೈರಿಯೂ ಮೋಸ ಹೋಗುತ್ತೆ. ಅದು ಸತ್ಯ ಹೇಳಲ್ಲ, ಮಾಲೀಕ ಮುಂದೆ ಏನು ಬರೀತಿದ್ದನೋ ಅದನ್ನು ಹೇಳುತ್ತೆ.

ಇನ್ನೊಂದು ಮುಖ್ಯ ನಿಯಮ, ಫೋನ್ ಒಡೆದರೆ ಮಾಲೀಕನೇ ಇಲ್ಲವಾಗ್ತಾನೆ. ಮೊದಲ ಎಪಿಸೋಡಿನಲ್ಲೇ ತೋರಿಸಿಬಿಡ್ತಾರೆ: ಮೂರನೇ ನಂಬರಿನ ಕೊಲೆಗಾರ ಮೇಷ್ಟ್ರು ಯುಕ್ಕಿಗಿಂತ ಎಲ್ಲದರಲ್ಲೂ ಬಲಶಾಲಿ, ಆದ್ರೆ ಎಸೆದ ಒಂದು ಡಾರ್ಟ್ ಫೋನಿಗೆ ಬಿತ್ತು, ಆಟ ಮುಗೀತು. ಹಾಗಾಗಿ ಇಲ್ಲಿ ಮೈಬಲಕ್ಕಿಂತ ಹಿಂಜರಿಕೆ ಇಲ್ಲದಿರೋದೇ ದೊಡ್ಡ ಆಸ್ತಿ. ಯುಕ್ಕಿ "ಮಾಡಲಾ ಬೇಡವಾ" ಅಂತ ಯೋಚಿಸೋ ಹೊತ್ತಿಗೆ ಯುನೊ ಮಾಡಿ ಮುಗಿಸಿರ್ತಾಳೆ.

ಅದೇ ಡೈರಿ ಯುಕ್ಕಿಯ ಮೇಲೇ ತಿರುಗಿದಾಗ ಏನಾಗುತ್ತೆ ಅನ್ನೋದಕ್ಕೆ ಪಾಳುಬಿದ್ದ ಹೋಟೆಲಿನ ಭಾಗ ಮತ್ತೆ ನೋಡಿ. ಅವನನ್ನು ಕುರ್ಚಿಗೆ ಕಟ್ಟಿ ಹಾಕಿದ ಮೇಲೆ ಹತ್ತು ನಿಮಿಷಕ್ಕೊಮ್ಮೆ ಅವನ ಮುಂದಿನ ನಡೆ ಅವಳಿಗೆ ಮೊದಲೇ ಗೊತ್ತು. ಕಾವಲು ಕಾಯೋಕೆ ಅಂತಲೇ ಮಾಡಿಸಿದ ಹಾಗಿದೆ ಆ ಡೈರಿ.

---

ಇರುಳುಗಣ್ಣು

ಎರಡನೇ ಪ್ರಶ್ನೆ. ಕಥೆ ಹೇಳಿದ ಕ್ರಮದಲ್ಲಿ ಹಿಡಿಯಬೇಡಿ, ನಡೆದ ಕ್ರಮದಲ್ಲಿ ಹಿಡಿಯಿರಿ, ಗೊಂದಲ ಹೋಗುತ್ತೆ.

ಮೊದಲ ಲೋಕ: ಯುನೊ ಗಸಾಯ್ ದಂಪತಿಗಳ ದತ್ತುಮಗಳು. ಅಪ್ಪ ಬ್ಯಾಂಕಿನವನು, ಮನೆಗೆ ಬರೋದೇ ಕಡಿಮೆ. ಅಮ್ಮ "ಒಳ್ಳೆಯ ಮಗಳನ್ನು ತಯಾರು ಮಾಡ್ತೀನಿ" ಅಂತ ಅವಳನ್ನು ಪಂಜರದಲ್ಲಿ ಕೂಡಿಹಾಕ್ತಾಳೆ. ಒಂದು ದಿನ ಯುನೊ ಅದನ್ನೇ ತಿರುಗಿಸಿ ಅವರಿಬ್ಬರನ್ನೂ ಅದೇ ಪಂಜರದಲ್ಲಿ ಕೂಡ್ತಾಳೆ. ಕೊಲ್ಲೋಕಲ್ಲ, ತನಗೆ ಹೇಗನ್ನಿಸ್ತಿತ್ತು ಅಂತ ಅವರಿಗೂ ಗೊತ್ತಾಗಲಿ ಅಂತ. ಅವರು ಹಸಿವಿನಿಂದ ಸಾಯ್ತಾರೆ. ಆಮೇಲೆ ಸ್ಕೂಲಿನಲ್ಲಿ "ಮುಂದೆ ಏನಾಗ್ತೀರಿ" ಅನ್ನೋ ಖಾಲಿ ಹಾಳೆ ಹಿಡಿದು ಕೂತಿದ್ದಾಗ ಯುಕ್ಕಿಯ ಜೊತೆ ಮಾತು. ಮನೆಯವರ ಜೊತೆ ನಕ್ಷತ್ರ ನೋಡೋ ಆಸೆ ಅಂತಾನೆ ಅವನು. "ನಿನ್ನ ಹೆಂಡತಿ ಆಗ್ತೀನಿ" ಅಂತಾಳೆ ಇವಳು. "ದೊಡ್ಡವರಾದ ಮೇಲೆ" ಅಂತ ಅವನು ತಮಾಷೆಗೆ ಒಪ್ಪಿಕೊಳ್ತಾನೆ. ಅವನಿಗದು ಒಂದು ಮಧ್ಯಾಹ್ನದ ಮಾತು, ಇವಳು ಬದುಕೋಕೆ ಹಿಡಿದ ಹಗ್ಗವೇ ಅದು.

ಆಟ ನಡೆಯುತ್ತೆ, ಇಬ್ಬರೇ ಉಳೀತಾರೆ. ಒಟ್ಟಿಗೆ ಮಾತ್ರೆ ನುಂಗಿ ಸಾಯೋಣ ಅಂತ ತೀರ್ಮಾನ. ಯುಕ್ಕಿ ಸಾಯ್ತಾನೆ, ಯುನೊ ಉಳಿದು ದೇವರಾಗ್ತಾಳೆ. ಅವನನ್ನು ಬದುಕಿಸೋಕೆ ಹೋದಾಗ ಗೊತ್ತಾಗುತ್ತೆ, ದೇಹ ತರಬಹುದು, ಪ್ರಾಣ ತರೋಕಾಗಲ್ಲ. ಆಗ ಮುರುಮುರು ಜೊತೆ (ಚುರುಮುರಿ ಅಲ್ಲ, ಡೆಯುಸ್‌ನ ಆ ಪುಟ್ಟ ಸೇವಕಿ) ಕಾಲದಲ್ಲಿ ಎರಡು ವರ್ಷ ಹಿಂದಕ್ಕೆ ಜಿಗೀತಾಳೆ.

ಎರಡನೇ ಲೋಕ: ನಾವು ಪರದೆಯ ಮೇಲೆ ನೋಡೋದು ಇದನ್ನೇ. ಇಲ್ಲಿ ಆಗಲೇ ಒಬ್ಬ ಯುನೊ ಇದ್ದಾಳೆ. ಬಂದವಳು ಅವಳನ್ನು ಕೊಂದು ಆ ಜಾಗದಲ್ಲಿ ಕೂರ್ತಾಳೆ. ಮೂರನೇ ಹೆಣ ಆ ಯುನೊಳದೇ. ಯುಕ್ಕಿಯ ಸ್ನೇಹಿತ, ಪತ್ತೇದಾರಿ ಹುಡುಗ ಅಕಿಸೆ ಆರು ಪತ್ತೆ ಹಚ್ಚೋದು ಇದನ್ನೇ: ಹೆಣವೂ ಯುನೊ, ಎದುರಿಗೆ ನಿಂತವಳೂ ಯುನೊ.

ಮೂರನೇ ಲೋಕ: ಕೊನೆಯ ಕೆಲವು ಎಪಿಸೋಡುಗಳು. ಮತ್ತೆ ಎರಡು ವರ್ಷ ಹಿಂದೆ. ಅಪ್ಪ-ಅಮ್ಮ ಇನ್ನೂ ಬದುಕಿದ್ದಾರೆ, ಇಲ್ಲಿನ ಯುನೊ ಇನ್ನೂ ಪಂಜರದಲ್ಲಿದ್ದಾಳೆ. ಒಂಬತ್ತನೇ ನಂಬರಿನ ಆಟಗಾರ್ತಿ ಮಿನೆನೆ ಮತ್ತು ಯುಕ್ಕಿ ಬೆನ್ನತ್ತಿ ಬಂದದ್ದಕ್ಕೆ ಕಥೆಯ ದಿಕ್ಕು ಬದಲಾಗುತ್ತೆ.

---

ಬೆಣ್ಣೆನಗರಿ_ಒಟಾಕು

ಮೂರನೇದಕ್ಕೆ ನನ್ನ ಉತ್ತರ ಸ್ವಲ್ಪ ಕಹಿ.

ಯುಕ್ಕಿಯನ್ನು ಗೆಲ್ಲಿಸೋದು ಯುನೊಳ ಉದ್ದೇಶ ಅಂತ ಹಿಡಿದರೆ ಮೌನ ಅರ್ಥವಾಗಲ್ಲ. ಆ ಉದ್ದೇಶವೇ ಬೇರೆ. ಆಟ ಇರೋದು 90 ದಿನ, ಆ ಅಷ್ಟೂ ದಿನ ಅವನ ಜೊತೆ ಇರಬೇಕು. ಮುಗಿಯೋ ಹೊತ್ತಿಗೆ ಮುಂದಿನ ಲೋಕಕ್ಕೆ ಜಿಗಿದು ಅಲ್ಲಿನ ಯುಕ್ಕಿಯ ಜೊತೆ ಮತ್ತೆ ಅಷ್ಟೇ ದಿನ. ಕೊನೆಯಲ್ಲಿ ಅವಳೇ ಇದನ್ನು ಬಾಯಿಬಿಟ್ಟು ಹೇಳ್ತಾಳೆ.

ಈಗ ಲೆಕ್ಕ ಹಾಕಿ. ಅವನ ಅಪ್ಪನೇ ಅಮ್ಮನನ್ನು ಕೊಂದ, ಆಮೇಲೆ ಆ ಅಪ್ಪನನ್ನು ಹನ್ನೊಂದನೆಯವನ ಜನ ಕೊಂದರು. ಆ ಹೊತ್ತಿಗೆ ಯುಕ್ಕಿ ಉಳಿದಿರೋದೇ "ದೇವರಾಗಿ ಎಲ್ಲರನ್ನೂ ವಾಪಸ್ ತರ್ತೀನಿ" ಅನ್ನೋ ನಂಬಿಕೆಯ ಮೇಲೆ. ಅದು ಆಗಲ್ಲ ಅಂದುಬಿಟ್ಟರೆ ಅವನು ಆಟ ಬಿಡ್ತಾನೆ. ಅವಳ ದಿನಗಳೂ ಅಲ್ಲಿಗೆ ಮುಗೀತು. ಸ್ನೇಹಿತರ ಮೇಲೆ ಗುಂಡು ಹಾರಿಸಿದ್ದು ಅವನ ಕೈ, ನಿಜ. ಆದ್ರೆ ಅಷ್ಟು ಹೊತ್ತೂ ಪಕ್ಕದಲ್ಲಿ ನಿಂತಿದ್ದವಳಿಗೆ ಅವರು ವಾಪಸ್ ಬರಲ್ಲ ಅಂತ ಗೊತ್ತಿತ್ತು. ಕೊಡಲಿ ಬೀಸಿದ ಅಷ್ಟೂ ದೃಶ್ಯಗಳಿಗಿಂತ ಇದು ಕ್ರೂರ. ಅನಿಮೆ ಇದಕ್ಕೆ ಹಿನ್ನೆಲೆ ಸಂಗೀತ ಜೋರು ಮಾಡಿ ಎತ್ತಿ ತೋರಿಸಲ್ಲ, ಅದಕ್ಕೇ ಬಹಳ ಜನಕ್ಕೆ ತಟ್ಟೋದೇ ಇಲ್ಲ.

---

ಧಾರವಾಡ_ಪೇಢೆ

ಒಪ್ಪತೀನ್ರಿ, ಆದ್ರ ಪೂರ್ತಿ ಅಲ್ಲ. ಅಕಿ ಬರೇ ಲೆಕ್ಕಾಚಾರದಾಕಿ ಆಗಿದ್ರ ಮೂರನೇ ಲೋಕದಾಗ ಅಕಿ ಕೈ ನಡಗತಿದ್ದಿಲ್ಲ. ಅಲ್ಲಿ ಸಣ್ಣ ಯುನೊನ್ನ ಕೊಲ್ಲಾಕ ಹ್ವಾದಾಗ ಅಡ್ಡ ಬರೋರು ಯಾರು? ಅವರಪ್ಪ-ಅವ್ವ. ತನ್ನನ್ನ ಪಂಜರದಾಗ ಹಾಕಿದ ಅದ ಅವ್ವ, ಇಲ್ಲಿ ಮಗಳ ಸಲುವಾಗಿ ಮೈ ಅಡ್ಡ ಹಿಡೀತಾಳ. ಅಕಿ ಒಡೆಯೋದು ಅಲ್ಲೇ. ಹಂಗಾರ ತಾನು ಪ್ರೀತಿಗೆ ಯೋಗ್ಯ ಇರಲಿಲ್ಲಂತಲ್ಲ, ತನ್ನ ಲೋಕದಾಗ ಅದು ಸಿಗಲಿಲ್ಲ, ಅಷ್ಟ. ಅದನ್ನ ಕಣ್ಣಾರೆ ನೋಡಿದ ಮ್ಯಾಲೆ ಮತ್ತೊಂದು ಸಲ ಜಿಗಿಯಾಕ ಅಕಿಗೆ ಕಾರಣನ ಉಳಿಯೂದಿಲ್ಲ. ಯುಕ್ಕಿನ್ನ ಕೊಲ್ಲೂ ಬದಲಿ ಚಾಕು ತನಗ ಹಾಕ್ಕೋತಾಳ.

ಇನ್ನೊಂದ್ ಮಾತು. "ಒಮ್ಮೆ ಗೆದ್ದಾಕಿ, ಅದಕ್ಕ ಸೋಲೋದಿಲ್ಲ" ಅಂತ ಭಾಳ ಮಂದಿ ಬರೀತಾರ. ಏಳನೇ ನಂಬರಿನ ಮಾರ್ಕೊ-ಆಯ್ ಜೋಡಿ ಮುಂದ ಅಕಿ ಸೋತಾಳಲ್ರೀ. ಅವರೂ ಜೋಡಿ, ಇವರೂ ಜೋಡಿ. ಆದ್ರ ಅವರ ನಡುವ ನಂಬಿಕಿ ಎರಡೂ ಕಡೀಂದ ಇತ್ತು, ಇಲ್ಲಿ ಒಂದ ಕಡೀಂದ. ಆ ಭಾಗ ಇಟ್ಟದ್ದ ಅದಕ್ಕ.

---

ಹತ್ತು_ನಿಮಿಷ

ಪೇಢೆಯವರ ಏಳನೇ ನಂಬರಿನ ಮಾತು ಸರಿ. ಅವರ ಡೈರಿಯೂ ಒಬ್ಬರದನ್ನು ಇನ್ನೊಬ್ಬರು ಬರೆಯೋ ವಿನಿಮಯದ ಡೈರಿ. ಆಯ್ ಬಗ್ಗೆ ಮಾರ್ಕೊ ಫೋನಿನಲ್ಲಿದೆ, ಮಾರ್ಕೊ ಬಗ್ಗೆ ಆಯ್ ಫೋನಿನಲ್ಲಿದೆ. ಯುನೊಳ ಬಗ್ಗೆ ಬರೆಯೋರು ಮಾತ್ರ ಯಾರೂ ಇಲ್ಲ.

---

ಇರುಳುಗಣ್ಣು

ತುಂಗಾತೀರ, 26ಕ್ಕೇ ನಿಲ್ಲಿಸಿದ್ದರೆ ಒಂದು ಬಾಕಿ ಇದೆ. 2013ರಲ್ಲಿ ಬಂದ "ರೀಡಯಲ್" ಅನ್ನೋ ಒಂದೇ ಕಂತಿನ ಓವಿಎ (ಟಿವಿಗಲ್ಲದೆ ನೇರ ಡಿಸ್ಕಿನಲ್ಲಿ ಬಿಡೋ ಅನಿಮೆ). ಮೂರನೇ ಲೋಕದ ಯುನೊ ಎಲ್ಲವೂ ಸರಿಯಾಗಿರೋ ಮನೆಯಲ್ಲಿ ಬೆಳೆದಿದ್ದಾಳೆ, ಆದರೂ ಏನೋ ಕಳೆದುಹೋದ ಹಾಗೆ. ಮೊದಲ ಲೋಕದವಳ ನೆನಪು ಅವಳಿಗೆ ಬರೋದು ಅಲ್ಲಿ. ಇತ್ತ ಕೊನೆಗೆ ದೇವರಾಗಿ ಉಳಿದ ಯುಕ್ಕಿ ಹತ್ತು ಸಾವಿರ ವರ್ಷ ಶೂನ್ಯದಲ್ಲಿ ಕೂತಿದ್ದಾನಲ್ಲ, ಆ ಎಳೆ ಪೂರ್ತಿಯಾಗೋದು ಇದರಲ್ಲೇ. ಇದನ್ನು ನೋಡದೆ ಅಂತ್ಯದ ಬಗ್ಗೆ ಜಗಳ ಆಡೋರೇ ಜಾಸ್ತಿ.

ಮೂಲ ಮಾಂಗಾ (ಜಪಾನಿನ ಚಿತ್ರಕಥೆ) ಓದೋದಾದರೆ ಎಸುನೊ ಸಕಾಯೆ ಬರೆದದ್ದು, 2006ರಿಂದ 2010, 12 ಸಂಪುಟ. ಅದರ ಜೊತೆ "ಮೊಸಾಯಿಕ್" ಅಂತ ಒಂದು ಪಕ್ಕಕಥೆ, ಒಂಬತ್ತನೇ ನಂಬರಿನ ಮಿನೆನೆಯದು. ಕಥೆ ಬರೀಬೇಕು ಅಂದಿರಲ್ಲ, ಮಿನೆನೆಯನ್ನು ಯುನೊ ಪಕ್ಕದಲ್ಲಿಟ್ಟು ನೋಡಿ. ಇಬ್ಬರೂ ಬಾಲ್ಯದಲ್ಲೇ ಮುರಿದವರು, ಇಬ್ಬರೂ ಯೋಚಿಸದೆ ಕೊಲ್ಲೋರು. ಮಿನೆನೆಗೆ ಒಬ್ಬ ಪೊಲೀಸಿನವನು ಎದುರಾಗಿ ಮದುವೆ ಆಗ್ತೀಯಾ ಅಂತ ಕೇಳಿದಾಗ ಅವಳು ಬದಲಾಗೋಕೆ ಶುರುಮಾಡ್ತಾಳೆ. ಯುನೊಗೆ "ಹೂಂ" ಅಂದ ಹುಡುಗ ಆ ಮಾತನ್ನೇ ಮರೆತಿದ್ದ.

ಹೆಸರುಗಳಲ್ಲೂ ಆಟ ಇದೆ. ಯುಕಿತೆರು (ಯುಕ್ಕಿಯ ನಿಜ ಹೆಸರು) ಅಂದ್ರೆ ಜ್ಯುಪಿಟರ್, ಯುನೊ ಅಂದ್ರೆ ಅವನ ಹೆಂಡತಿ ಜೂನೊ, ಮಿನೆನೆ ಅಂದ್ರೆ ಮಿನರ್ವ. ಎಲ್ಲ ರೋಮಿನ ದೇವರುಗಳು. ಹನ್ನೆರಡನೆಯವನ ಹೆಸರು ಹಿರಸಾಕಾ ಯೊಮೊತ್ಸು, ಅದು ಜಪಾನಿನ ಪುರಾಣದಲ್ಲಿ ಸತ್ತವರ ಲೋಕಕ್ಕೆ ಇಳಿಯೋ ದಾರಿಯ ಹೆಸರು.

---

ತುಂಗಾತೀರ

ಮೂರೂ ಗಂಟು ಬಿಚ್ಚಿತು, ಥ್ಯಾಂಕ್ಸ್. ರೀಡಯಲ್ ಇದೆ ಅಂತಲೇ ಗೊತ್ತಿರಲಿಲ್ಲ. ಒಂದೇ ಒಂದು ಉಳಿದದ್ದು: ಬರೆಯುವಾಗ ಪಂಜರದ ವಿಷಯ ಎಲ್ಲಿಡಬೇಕು? ಮೊದಲೇ ಹೇಳಿದರೆ ಓದೋರು ಎಲ್ಲ ಕೊಲೆಯನ್ನೂ ಮಾಫಿ ಮಾಡಿಬಿಡ್ತಾರೆ. ಕೊನೆಗೆ ಹೇಳಿದರೆ ನೆಪ ಥರ ಕಾಣುತ್ತೆ.

---

ಬೆಣ್ಣೆನಗರಿ_ಒಟಾಕು

ಇಲ್ಲಿ ಮಾಡಿರೋ ಹಾಗೇ ಮಾಡಿ. ಹೆಣಗಳನ್ನು ಶುರುವಿನಲ್ಲೇ ತೋರಿಸಿ, ಕಾರಣ ಆಮೇಲೆ. ಯುಕ್ಕಿ ಆ ಕೋಣೆಯ ಬಾಗಿಲು ತೆಗೆಯೋದು ಕಥೆ ಸರಿಯಾಗಿ ಕಾಲೂರೋ ಮೊದಲೇ. ಅಲ್ಲಿಂದ ಮುಂದೆ ಅವಳು ಅವನಿಗೋಸ್ಕರ ಏನು ಮಾಡಿದರೂ ಆ ಕೋಣೆ ನಮ್ಮ ತಲೆಯಲ್ಲಿ ಇದ್ದೇ ಇರುತ್ತೆ. ಪಂಜರ ಗೊತ್ತಾಗೋ ಹೊತ್ತಿಗೆ ನಾವು ಅವಳಿಗೆ ಹೆದರಿ ಆಗಿರುತ್ತೆ, ಹಾಗಾಗಿ ಮರುಕ ಬಂದರೂ ಆ ಹೆದರಿಕೆ ಹೋಗಲ್ಲ.

ಶಕ್ತಿಯ ವಿಷಯದಲ್ಲಿ ಜಾಗ್ರತೆ. ಮೊದಲ ಸಲ ಇಂಥ ಕಥೆ ಬರೆಯೋರು ನಾಯಕಿಗೆ ದೊಡ್ಡ ಶಕ್ತಿ ಕೊಟ್ಟು, ಆಮೇಲೆ ದುರ್ಬಲಳಾಗಿ ಕಾಣಲಿ ಅಂತ ಅಳಿಸ್ತಾರೆ. ಎರಡೂ ಬೇರೆ ಬೇರೆ ತುಂಡಾಗಿ ಕಾಣುತ್ತೆ. ಅವಳಿಗೆ ಏನು ಗೊತ್ತಾಗುತ್ತೆ, ಎಷ್ಟು ಹೊತ್ತಿಗೊಮ್ಮೆ, ಯಾರ ಬಗ್ಗೆ ಗೊತ್ತಾಗಲ್ಲ, ಕಳೆದರೆ ಏನಾಗುತ್ತೆ, ಈ ನಾಲ್ಕನ್ನು ಕಥೆ ಶುರುಮಾಡೋ ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮೂರನೇದರ ಉತ್ತರ ಅವಳ ಗಾಯದಿಂದಲೇ ಬರಬೇಕು. ಮಧ್ಯೆ ಕಥೆ ಸಿಕ್ಕಿಹಾಕಿಕೊಂಡಿತು ಅಂತ ಆ ಹಾಳೆ ತಿದ್ದಬೇಡಿ, ಓದೋರು ಮೊದಲು ಹಿಡಿಯೋದೇ ಅದನ್ನು.

---

ಧಾರವಾಡ_ಪೇಢೆ

ಮತ್ತ ಅಕಿ ಒಮ್ಮೆರ ಸೋಲಬೇಕು ನೋಡ್ರಿ, ಅದೂ ಕಥಿ ನಡುವ. ಬರದಾದ ಮ್ಯಾಲೆ ಇಲ್ಲೇ ಹಾಕ್ರಿ, ಓದತೀವಿ.